ಚಿಗುಸಾ ನಗಾಯೊ: ಸೋತ ಪಂದ್ಯವನ್ನೇ ಆಕೆಯ ವೃತ್ತಿಜೀವನದ ಶಿಖರ ಎನ್ನುವುದು ಏಕೆ?

ತುಂಗಾತೀರ (ಪ್ರಶ್ನೆ):

ನಮ್ಮಲ್ಲಿ ಹೆಚ್ಚಿನವರು ವೃತ್ತಿಪರ ಕುಸ್ತಿಯನ್ನು ಮೊದಲು ನೋಡಿದ್ದು ಅಮೆರಿಕದ ಡಬ್ಲ್ಯುಡಬ್ಲ್ಯುಇ ಪ್ರಸಾರಗಳಲ್ಲಿ. ಜಪಾನಿನ ಮಹಿಳಾ ಕುಸ್ತಿಪಟುಗಳ ಪರಿಚಯವಾದದ್ದೂ ಅಲ್ಲಿಗೆ ಹೋಗಿ ಹೆಸರು ಮಾಡಿದ ಆಸುಕಾ, ಇಯೊ ಸ್ಕೈ, ಕೈರಿ ಅವರಿಂದಲೇ. ನಾನೂ ಹಾಗೆಯೇ ಈ ಲೋಕಕ್ಕೆ ಬಂದವನು. 2024ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ, 1980ರ ದಶಕದ ಖಳ ಕುಸ್ತಿಪಟು ಡಂಪ್ ಮಾತ್ಸುಮೊಟೊ ಅವರ ಬದುಕನ್ನು ಆಧರಿಸಿದ ಜಪಾನೀ ಸರಣಿಯನ್ನು ನೋಡಿದ ಮೇಲೆ ಆಕೆಯ ಎದುರಾಳಿ ಚಿಗುಸಾ ನಗಾಯೊ ಅವರ ನಿಜವಾದ ಪಂದ್ಯಗಳನ್ನು ಹುಡುಕಿ ನೋಡತೊಡಗಿದೆ. ನೋಡುತ್ತ ಹೋದಂತೆ ಕೆಲವು ಸಂಗತಿಗಳು ಬಿಡಿಸಲಾಗದೆ ಉಳಿದಿವೆ.

ನಗಾಯೊ ಬಗ್ಗೆ ಬರೆಯುವವರೆಲ್ಲ 1985ರ ಆಗಸ್ಟ್ 28ರಂದು ಒಸಾಕಾ-ಜೋ ಹಾಲ್‌ನಲ್ಲಿ ನಡೆದ, ಸೋತವರು ತಲೆ ಬೋಳಿಸಿಕೊಳ್ಳಬೇಕೆಂಬ ಷರತ್ತಿನ ಪಂದ್ಯದಿಂದಲೇ ಆರಂಭಿಸುತ್ತಾರೆ. ಆ ಪಂದ್ಯದಲ್ಲಿ ಆಕೆ ಡಂಪ್ ಅವರಿಗೆ ಸೋತರು. ಗೆದ್ದ ಪಟ್ಟಗಳು ಇಷ್ಟಿರುವಾಗ, ರಕ್ತ ಸುರಿಸಿಕೊಂಡು ಸೋತು ಕೂದಲನ್ನೂ ಕಳೆದುಕೊಂಡ ಆ ರಾತ್ರಿಯನ್ನು ಶಿಖರವೆಂದು ಏಕೆ ಎಣಿಸುತ್ತಾರೆ? ಫಲಿತಾಂಶ ಮೊದಲೇ ನಿಶ್ಚಯವಾಗಿರುವ ಆಟದಲ್ಲಿ ಸೋಲು ಗೆಲುವಿಗೆ ಅಷ್ಟು ಬೆಲೆ ಎಲ್ಲಿಂದ ಬರುತ್ತದೆ? ಅಷ್ಟೊಂದು ಜನಪ್ರಿಯರಾಗಿದ್ದವರು 24ನೆಯ ವಯಸ್ಸಿಗೇ ನಿವೃತ್ತರಾದದ್ದು ಏಕೆ? ಆಮೇಲೆ ಮರಳಿ ಬಂದು ಕಟ್ಟಿದ ಸಂಸ್ಥೆಯ ಬಗ್ಗೆ ಅಲ್ಲಲ್ಲಿ ಒಂದೆರಡು ಸಾಲು ಮಾತ್ರ ಸಿಗುತ್ತವೆ. ಆ ಎರಡನೆಯ ಅಧ್ಯಾಯಕ್ಕೆ ಮೊದಲನೆಯದರಷ್ಟು ತೂಕ ಇದೆಯೇ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಗರಡಿಮನೆ:

ನಿಮ್ಮ ಮೊದಲ ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ನಗಾಯೊ ಅವರ ಕಲೆಯ ಗುಟ್ಟು ಇರುವುದೇ ಅಲ್ಲಿ.

ಆ ಪಂದ್ಯವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ಸಭಾಂಗಣದಲ್ಲಿ ಕುಳಿತವರು ಯಾರು ಎಂಬುದನ್ನು ಮೊದಲು ಗಮನಿಸಬೇಕು. ಆಲ್ ಜಪಾನ್ ವಿಮೆನ್ಸ್ ಪ್ರೊ ರೆಸ್ಲಿಂಗ್ ಎಂಬ ಸಂಸ್ಥೆಯನ್ನು ಮಾತ್ಸುನಾಗಾ ಸಹೋದರರು 1968ರಲ್ಲಿ ಆರಂಭಿಸಿದಾಗ ಅದರ ಪ್ರೇಕ್ಷಕರಲ್ಲಿ ಬಹುಪಾಲು ಗಂಡಸರೇ ಇದ್ದರು. 1970ರ ದಶಕದ ನಡುವಿನಲ್ಲಿ ಜ್ಯಾಕಿ ಸಾತೊ ಮತ್ತು ಮಾಕಿ ಉಎದಾ ಅವರ ಬ್ಯೂಟಿ ಪೇರ್ ಜೋಡಿ ರಿಂಗಿನಲ್ಲಿ ಹಾಡುತ್ತ, ಸೆಣಸುತ್ತ ಶಾಲೆಗೆ ಹೋಗುವ ಹುಡುಗಿಯರನ್ನು ಸಭಾಂಗಣಕ್ಕೆ ಕರೆತಂದಿತು. ಆ ಜೋಡಿ ಒಡೆದ ಮೇಲೆ ಖಾಲಿಯಾಗಿ ಉಳಿದ ಜಾಗವನ್ನು ಹಿಂದೆಂದೂ ಕಾಣದ ಮಟ್ಟದಲ್ಲಿ ತುಂಬಿದವರು ಕ್ರಶ್ ಗ್ಯಾಲ್ಸ್, ಅಂದರೆ ಚಿಗುಸಾ ನಗಾಯೊ ಮತ್ತು ಲಯನೆಸ್ ಆಸುಕಾ. (ಈ ಆಸುಕಾ ಬೇರೆ, ಈಗ ಡಬ್ಲ್ಯುಡಬ್ಲ್ಯುಇಯಲ್ಲಿರುವ ಆಸುಕಾ ಬೇರೆ.) 1984ರ ಆಗಸ್ಟ್ 25ರಂದು ಇವರು ಜಂಬೊ ಹೋರಿ ಮತ್ತು ಯುಕಾರಿ ಓಮೋರಿ ಅವರ ಡೈನಮೈಟ್ ಗರ್ಲ್ಸ್ ಜೋಡಿಯನ್ನು ಸೋಲಿಸಿ ಆ ಸಂಸ್ಥೆಯ ಡಬ್ಲ್ಯುಡಬ್ಲ್ಯುಡಬ್ಲ್ಯುಎ ಜೋಡಿ ಪಟ್ಟ ಗೆದ್ದರು. ಅಲ್ಲಿಂದ ಮುಂದೆ ಅವರ ಹಾಡಿನ ರೆಕಾರ್ಡುಗಳು, ಫುಜಿ ಟಿವಿಯ ಪ್ರಸಾರ, ರಿಂಗಿನ ಮೇಲೆ ಮಳೆಯಂತೆ ಬೀಳುವ ಬಣ್ಣದ ಕಾಗದದ ಪಟ್ಟಿಗಳು, ಹೆಸರು ಕೂಗಿ ಕೂಗಿ ಗಂಟಲು ಕಟ್ಟಿದ ಹುಡುಗಿಯರು, ಇವೆಲ್ಲ ಆ ದಶಕದ ಜಪಾನಿನ ನಿತ್ಯದ ನೋಟವೇ ಆಗಿಬಿಟ್ಟವು.

ಇಬ್ಬರಲ್ಲಿ ದೈಹಿಕವಾಗಿ ಹೆಚ್ಚು ಸಮರ್ಥರು ಆಸುಕಾ. ಬಲದಲ್ಲೂ, ಪಟ್ಟುಗಳ ಸ್ವಚ್ಛತೆಯಲ್ಲೂ ನಗಾಯೊ ಅವರಿಗಿಂತ ಒಂದು ಹೆಜ್ಜೆ ಮುಂದಿದ್ದರು. ಆದರೆ ನಗಾಯೊ ಅವರಿಗೆ ಪೆಟ್ಟು ತಿನ್ನುವುದು ಗೊತ್ತಿತ್ತು. ಏಟು ಬಿದ್ದಾಗ ಮುಖ ಎತ್ತ ತಿರುಗಬೇಕು, ನೆಲದ ಮೇಲೆ ಬಿದ್ದ ಕೈ ಹಗ್ಗವನ್ನು ಹುಡುಕುವಾಗ ಎಷ್ಟು ಹೊತ್ತು ನಡುಗಬೇಕು, ಜೊತೆಗಾತಿಯ ಕೈ ಮುಟ್ಟಲು ಇನ್ನೇನು ಒಂದು ಗೇಣು ಇದೆ ಎನ್ನುವಾಗ ಹೇಗೆ ಕುಸಿಯಬೇಕು ಎಂಬುದೆಲ್ಲ ಆಕೆಗೆ ಸಹಜವಾಗಿ ಒದಗಿಬಂದಿತ್ತು. ಎತ್ತರದಲ್ಲಿ ಕುಳಿತ ಕೊನೆಯ ಸಾಲಿನ ಹುಡುಗಿಗೂ ತನ್ನದೇ ನೋವು ಎನ್ನಿಸುವಂತೆ ಆಕೆ ನೋಯುತ್ತಿದ್ದರು. ಗೆಲ್ಲುವ ನಾಯಕಿಯರನ್ನು ಆ ಹುಡುಗಿಯರು ಮೊದಲೂ ಕಂಡಿದ್ದರು. ಇಷ್ಟು ಬಹಿರಂಗವಾಗಿ ಸೋಲುವ, ಸೋಲನ್ನು ಮುಚ್ಚಿಕೊಳ್ಳದ ನಾಯಕಿಯನ್ನು ಕಂಡಿರಲಿಲ್ಲ.

ಈಗ ಆ ರಾತ್ರಿಗೆ ಬನ್ನಿ. ಮುಖಕ್ಕೆ ಬಣ್ಣ ಬಳಿದುಕೊಂಡು, ಸರಪಳಿ ಮತ್ತು ಬಿದಿರಿನ ಕತ್ತಿ ಹಿಡಿದು ಬರುವ ಡಂಪ್ ಮಾತ್ಸುಮೊಟೊ, ಆಕೆಯ ಹಿಂದೆ ಖಳರ ಗುಂಪು. ನಗಾಯೊ ಅವರ ಹಣೆ ಒಡೆದು ರಕ್ತ ಕಣ್ಣಿಗಿಳಿಯುತ್ತದೆ. ಒದೆತಗಳಿಂದ ಎದುರಿಸುತ್ತಾರೆ, ಒಂದೆರಡು ಬಾರಿ ಪಂದ್ಯ ಕೈಗೆ ಬಂತು ಎನ್ನಿಸುತ್ತದೆ, ಆದರೆ ಕೊನೆಗೆ ಹತ್ತು ಎಣಿಸುವಷ್ಟರಲ್ಲಿ ಮೇಲೇಳಲಾಗದೆ ಸೋಲುತ್ತಾರೆ. ಆಮೇಲೆ ರಿಂಗಿನ ನಡುವೆ ಕುರ್ಚಿ ಹಾಕಿ ಕೂರಿಸಿ ಕೂದಲು ತೆಗೆಯುತ್ತಾರೆ. ಆ ಚಿತ್ರಿಕೆಯಲ್ಲಿ ಸಭಾಂಗಣದ ಸದ್ದನ್ನು ಗಮನಿಸಿ ಕೇಳಿ: ಹುಡುಗಿಯರ ಕೂಗು ಅಳುವಾಗಿ ಮಾರ್ಪಡುವುದು ಸ್ಪಷ್ಟವಾಗಿ ತಿಳಿಯುತ್ತದೆ. ಕ್ಯಾಮೆರಾ ತಿರುಗಿದ ಕಡೆಯೆಲ್ಲ ಶಾಲೆಯ ವಯಸ್ಸಿನ ಮಕ್ಕಳು ಬಾಯಿಗೆ ಕೈ ಒತ್ತಿಕೊಂಡು ಬಿಕ್ಕುತ್ತಿದ್ದಾರೆ. ಆ ಪಂದ್ಯ ಗೆದ್ದಿದ್ದರೆ ನಗಾಯೊ ಒಬ್ಬ ಜನಪ್ರಿಯ ತಾರೆಯಾಗಿ ಉಳಿಯುತ್ತಿದ್ದರು. ಸೋತದ್ದರಿಂದ ಆ ಪೀಳಿಗೆಯ ಹುಡುಗಿಯರ ಮನೆಯವರಂತಾದರು. ಶಿಖರ ಎನ್ನುವುದು ಇದೇ ಕಾರಣಕ್ಕೆ.

ಶಾಂತಲಾ_ಓದು:

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಡಂಪ್ ಮಾತ್ಸುಮೊಟೊ ಅವರಿಗೆ ಅದರಲ್ಲಿ ಸಲ್ಲಬೇಕಾದಷ್ಟು ಸಂದಿಲ್ಲ. ನಗಾಯೊ, ಆಸುಕಾ, ಓಮೋರಿ, ಡಂಪ್, ಈ ನಾಲ್ವರೂ 1980ರಲ್ಲಿ ಒಟ್ಟಿಗೆ ಸಂಸ್ಥೆ ಸೇರಿದವರು, ಒಂದೇ ತಂಡದ ಅಭ್ಯಾಸಿಗಳು. ಖಳಪಾತ್ರವನ್ನು ಒಪ್ಪಿಕೊಂಡ ಮೇಲೆ ಡಂಪ್ ಅದನ್ನು ರಿಂಗಿನ ಹೊರಗೂ ಬಿಡಲಿಲ್ಲ. ಜನ ತನ್ನನ್ನು ನಿಜವಾಗಿಯೂ ದ್ವೇಷಿಸುವಂತೆ ನಡೆದುಕೊಂಡರು, ಆ ದ್ವೇಷದ ಬೆಲೆಯನ್ನು ದಿನನಿತ್ಯದ ಬದುಕಿನಲ್ಲಿ ತೆತ್ತರು. ಅಂಥ ಒಬ್ಬರು ಎದುರಿಗೆ ಇಲ್ಲದಿದ್ದರೆ ನಗಾಯೊ ಅವರ ನೋವಿಗೆ ಆ ಆಳ ಬರುತ್ತಿರಲಿಲ್ಲ. 1986ರ ನವೆಂಬರ್ 7ರಂದು ಅದೇ ಒಸಾಕಾ ಸಭಾಂಗಣದಲ್ಲಿ ಅದೇ ಷರತ್ತಿನ ಮರುಪಂದ್ಯ ನಡೆದು ನಗಾಯೊ ಗೆದ್ದರು, ಡಂಪ್ ತಲೆ ಬೋಳಿಸಿಕೊಂಡರು. ಅದು ಒಳ್ಳೆಯ ಪಂದ್ಯವೇ, ಆದರೆ ಮೊದಲನೆಯದರ ಹಾಗೆ ಜನರ ನೆನಪಿನಲ್ಲಿ ಉಳಿಯಲಿಲ್ಲ.

1988ರ ಫೆಬ್ರವರಿಯ ಡಂಪ್ ಅವರ ವಿದಾಯ ಪಂದ್ಯವನ್ನೂ ತಪ್ಪದೆ ನೋಡಿ. ಡಂಪ್ ಮತ್ತು ಓಮೋರಿ ಒಂದು ಕಡೆ, ಕ್ರಶ್ ಗ್ಯಾಲ್ಸ್ ಇನ್ನೊಂದು ಕಡೆ. ಪಂದ್ಯ ಮುಗಿದ ಮೇಲೆ ಅದನ್ನು ಮುಂದುವರಿಸಿ, ಜೋಡಿಗಳನ್ನು ಅದಲುಬದಲು ಮಾಡಿ, ಡಂಪ್ ಮತ್ತು ನಗಾಯೊ ಒಂದೇ ಕಡೆ ನಿಂತು ಆಡುತ್ತಾರೆ. ವರ್ಷಗಟ್ಟಲೆ ಪರಸ್ಪರ ರಕ್ತ ಹರಿಸಿದವರು ಒಂದೇ ಮೂಲೆಯಲ್ಲಿ ನಿಂತದ್ದನ್ನು ಕಂಡಾಗ, ಈ ನಾಲ್ವರು ಹದಿಹರೆಯದಲ್ಲಿ ಒಂದೇ ವಸತಿಗೃಹದಿಂದ ಹೊರಟವರು ಎಂಬುದು ಹೇಳದೆಯೇ ಅರ್ಥವಾಗುತ್ತದೆ.

ಇನ್ನು ಫಲಿತಾಂಶ ನಿಶ್ಚಿತವಾಗಿರುವುದರ ಬಗ್ಗೆ. ವೃತ್ತಿಪರ ಕುಸ್ತಿ ಒಂದು ಪ್ರದರ್ಶನ ಎಂಬುದು ನಿಜ. ಆದರೆ ಆ ಸಂಸ್ಥೆಯಲ್ಲಿ ಹೊಸಬರ ಪಂದ್ಯಗಳ ಕೊನೆಯ ಹಂತದಲ್ಲಿ ಎದುರಾಳಿಯ ಭುಜಗಳನ್ನು ನಿಜವಾಗಿಯೇ ಒತ್ತಿ ಹಿಡಿದು ಗೆಲ್ಲಬೇಕಾದ ಪದ್ಧತಿಯೂ ಇತ್ತು, ಮತ್ತು ಯಾರು ಮೇಲೇರಬೇಕೆಂಬುದು ಅದರಿಂದಲೂ ತೀರ್ಮಾನವಾಗುತ್ತಿತ್ತು. ಅದಿರಲಿ, ಹಣೆಯ ಗಾಯ ನಿಜ, ಹೋದ ಕೂದಲು ನಿಜ, ಮರುದಿನ ಬೇರೊಂದು ಊರಿನಲ್ಲಿ ಮತ್ತೆ ಆಡಬೇಕಾದದ್ದೂ ನಿಜ. ಸರಣಿಯಲ್ಲಿ ನಗಾಯೊ ಪಾತ್ರ ಮಾಡಿದ ಎರಿಕಾ ಕರಾತಾ ಆ ದೃಶ್ಯಕ್ಕಾಗಿ ತಮ್ಮ ಕೂದಲನ್ನು ನಿಜವಾಗಿಯೇ ತೆಗೆಸಿಕೊಂಡರು. ಕುಸ್ತಿಯ ದೃಶ್ಯಗಳಿಗೆ ಮಾರ್ಗದರ್ಶನ ಮಾಡಿದವರು ಸ್ವತಃ ನಗಾಯೊ. ತಾನು ಇಪ್ಪತ್ತನೆಯ ವಯಸ್ಸಿನಲ್ಲಿ ಅನುಭವಿಸಿದ್ದನ್ನು ಸುಮಾರು ನಲವತ್ತು ವರ್ಷಗಳ ನಂತರ ಇನ್ನೊಬ್ಬ ಯುವತಿಗೆ ಹೇಳಿಕೊಟ್ಟು ಮಾಡಿಸುವುದು ಸಣ್ಣ ಕೆಲಸವಲ್ಲ.

ಒಸಾಕಾ_ಕನ್ನಡಿಗ:

ನಿವೃತ್ತಿಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದನ್ನು ಬಿಟ್ಟರೆ ಎರಡನೆಯ ಅಧ್ಯಾಯ ಏಕೆ ದೊಡ್ಡದು ಎಂಬುದು ತಿಳಿಯುವುದಿಲ್ಲ.

ನಗಾಯೊ ಹುಟ್ಟಿದ್ದು 1964ರ ಅಕ್ಟೋಬರ್ 8ರಂದು, ನಾಗಸಾಕಿ ಪ್ರಾಂತ್ಯದ ಓಮುರಾ ಊರಿನಲ್ಲಿ. ತಂದೆ ಮೋಟಾರು ದೋಣಿ ಪಂದ್ಯಗಳ ಸ್ಪರ್ಧಿಯಾಗಿದ್ದವರು. ಮನೆ ಸಾಲದಲ್ಲಿ ಮುಳುಗಿ, ಬಾಲ್ಯದ ಒಂದು ಭಾಗವನ್ನು ಆಕೆ ತಂದೆತಾಯಿಯಿಂದ ದೂರ, ಬಂಧುಗಳ ಮನೆಯಲ್ಲಿ ಕಳೆಯಬೇಕಾಯಿತು. ಚಿಕ್ಕಂದಿನಿಂದ ಕರಾಟೆ ಕಲಿತಿದ್ದ ಹುಡುಗಿ ಮಾಧ್ಯಮಿಕ ಶಾಲೆ ಮುಗಿದೊಡನೆ ಟೋಕಿಯೊಗೆ ಹೊರಟು, 1980ರ ಆಗಸ್ಟಿನಲ್ಲಿ, ಹದಿನೈದನೆಯ ವಯಸ್ಸಿಗೆ ರಿಂಗ್ ಏರಿದಳು. ಮೊದಲ ವರ್ಷಗಳಲ್ಲಿ ಆಕೆಯಿಂದ ಯಾರೂ ಹೆಚ್ಚೇನನ್ನೂ ನಿರೀಕ್ಷಿಸಿರಲಿಲ್ಲ. ಬಿಟ್ಟು ಹೋಗುವ ಯೋಚನೆಯಲ್ಲಿದ್ದಾಗ, 1983ರ ಆರಂಭದಲ್ಲಿ, ಟೋಕಿಯೊದ ಕೊರಾಕುಯೆನ್ ಹಾಲ್‌ನಲ್ಲಿ ಆಸುಕಾ ಅವರೊಂದಿಗೆ ಆಡಿದ ಪಂದ್ಯದಲ್ಲಿ ಇಬ್ಬರೂ ಹಿಡಿತ ಬಿಟ್ಟು, ಹೇಳಿಕೊಟ್ಟದ್ದನ್ನು ಬದಿಗಿಟ್ಟು, ತಮಗೆ ಬೇಕಾದಂತೆ ಹೊಡೆದಾಡಿದರು. ಅದೇ ಆ ಜೋಡಿಯ ಮೂಲ.

ಆ ಸಂಸ್ಥೆಯ ಕಟ್ಟುಪಾಡುಗಳು ಕಠಿಣವಾಗಿದ್ದವು. ಮದ್ಯ ಕೂಡದು, ಸಿಗರೇಟು ಕೂಡದು, ಪುರುಷರ ಸ್ನೇಹ ಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಇಪ್ಪತ್ತೈದು ಇಪ್ಪತ್ತಾರರ ಹೊತ್ತಿಗೆ ರಿಂಗ್ ಬಿಡಬೇಕೆಂಬ ರೂಢಿ. ಹೊಸ ಹುಡುಗಿಯರು ವರ್ಷವರ್ಷವೂ ಬರುತ್ತಿದ್ದುದರಿಂದ, ಸಂಬಳ ಹೆಚ್ಚಬೇಕಾದ ಹಿರಿಯರನ್ನು ಇಟ್ಟುಕೊಳ್ಳುವುದಕ್ಕಿಂತ ಬೀಳ್ಕೊಡುವುದೇ ಮಾಲೀಕರಿಗೆ ಸಲೀಸಾಗಿತ್ತು. ಹೆಣ್ಣಿನ ಬಾಳು ಆ ವಯಸ್ಸಿಗೆ ಮದುವೆಯ ಕಡೆ ತಿರುಗಬೇಕೆಂಬ ಕಾಲದ ನಂಬಿಕೆ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತ್ತು. 1987ರ ಅಕ್ಟೋಬರಿನಲ್ಲಿ ಓಮೋರಿ ಅವರನ್ನು ಸೋಲಿಸಿ ಸಂಸ್ಥೆಯ ಅತ್ಯುನ್ನತ ಏಕವ್ಯಕ್ತಿ ಪಟ್ಟವನ್ನು ಗೆದ್ದ ನಗಾಯೊ, 1989ರ ಮೇ 6ರಂದು, ಆಗಷ್ಟೇ ಬಾಗಿಲು ತೆರೆದಿದ್ದ ಯೋಕೋಹಾಮಾ ಅರೀನಾದಲ್ಲಿ ವಿದಾಯ ಹೇಳಿದರು. ಕೆಲವೇ ತಿಂಗಳಲ್ಲಿ ಆಸುಕಾ ಕೂಡ ನಿವೃತ್ತರಾದರು. ಅವರನ್ನು ನೋಡಲೆಂದೇ ಬರುತ್ತಿದ್ದ ಹುಡುಗಿಯರ ದಂಡು ಅವರೊಂದಿಗೇ ಎದ್ದು ಹೋಯಿತು. ಇಪ್ಪತ್ತನಾಲ್ಕರ ಕುಸ್ತಿಪಟುವಿಗೆ ಕಲಿತದ್ದು ಆಗತಾನೇ ಕೈಗೆ ಹತ್ತುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಮನೆಗೆ ಕಳಿಸುವುದು ನನಗೆ ಈಗಲೂ ಅನ್ಯಾಯವಾಗಿಯೇ ಕಾಣುತ್ತದೆ.

1993ರ ಏಪ್ರಿಲ್ 2ರಂದು, ಬೇರೆ ಬೇರೆ ಸಂಸ್ಥೆಗಳ ಕುಸ್ತಿಪಟುಗಳು ಎದುರುಬದುರಾದ ಯೋಕೋಹಾಮಾ ಅರೀನಾದ ದೊಡ್ಡ ಪ್ರದರ್ಶನದಲ್ಲಿ ಡೆವಿಲ್ ಮಾಸಾಮಿ ಅವರ ವಿರುದ್ಧ ಆಡಿ ಆಕೆ ಮರಳಿದರು. ಎರಡು ವರ್ಷಗಳ ನಂತರ, 1995ರ ಏಪ್ರಿಲ್ 15ರಂದು, ಕೊರಾಕುಯೆನ್ ಹಾಲ್‌ನಲ್ಲಿ ತಮ್ಮದೇ ಸಂಸ್ಥೆಯಾದ ಗಾಯಾ ಜಪಾನ್ ಅನ್ನು ಆರಂಭಿಸಿದರು. ಆಗ ಆಕೆಗೆ ಮೂವತ್ತು ವರ್ಷ, ಅಂದರೆ ಹಳೆಯ ರೂಢಿಯ ಪ್ರಕಾರ ರಿಂಗಿಗೆ ಕಾಲಿಡಲೇ ಬಾರದ ವಯಸ್ಸು.

ತುಂಗಾತೀರ:

ಎಲ್ಲರಿಗೂ ಧನ್ಯವಾದಗಳು. ನಿವೃತ್ತಿಯ ರೂಢಿಯ ಹಿಂದಿನ ಲೆಕ್ಕಾಚಾರ ಈಗ ಅರ್ಥವಾಯಿತು. ಆದರೆ ಗಾಯಾ ಬಗ್ಗೆ ಹುಡುಕುವಾಗ, 2000ರಲ್ಲಿ ಬಂದ ಬ್ರಿಟಿಷ್ ಸಾಕ್ಷ್ಯಚಿತ್ರವೊಂದರ ತುಣುಕುಗಳನ್ನು ನೋಡಿದೆ. ಅದರಲ್ಲಿ ನಗಾಯೊ ತಮ್ಮ ಅಭ್ಯಾಸಿಯನ್ನು ಬೈಯುತ್ತಾರೆ, ಕೆನ್ನೆಗೆ ಹೊಡೆಯುತ್ತಾರೆ, ತುಟಿ ಒಡೆದು ರಕ್ತ ಬಂದ ಹುಡುಗಿಯನ್ನು ಮತ್ತೆ ಎದ್ದು ನಿಲ್ಲು ಎನ್ನುತ್ತಾರೆ. ತನ್ನ ನೋವಿನಿಂದ ಸಾವಿರಾರು ಹುಡುಗಿಯರ ಮನ ಗೆದ್ದ ವ್ಯಕ್ತಿ ಗುರುವಾದಾಗ ಹೀಗೆ ನಡೆದುಕೊಂಡದ್ದನ್ನು ಹೇಗೆ ನೋಡಬೇಕು?

ಶಾಂತಲಾ_ಓದು:

ನಾನು ಅದನ್ನು ಸಮರ್ಥಿಸುವುದಿಲ್ಲ. ಕಲಿಸುವ ನೆಪದಲ್ಲಿ ಹೊಡೆಯುವುದು ತಪ್ಪು, ಅದು ನಗಾಯೊ ಮಾಡಿದರೂ ತಪ್ಪೇ. ಆಕೆ ಬೆಳೆದ ವಸತಿಗೃಹದಲ್ಲಿ ಹಿರಿಯರು ಕಿರಿಯರನ್ನು ನಡೆಸಿಕೊಳ್ಳುತ್ತಿದ್ದ ರೀತಿಯೇ ಅದಾಗಿತ್ತು, ಆ ರೀತಿಯನ್ನು ಆಕೆ ತಮ್ಮ ಸಂಸ್ಥೆಗೂ ತಂದರು. ವಯಸ್ಸಿನ ರೂಢಿಯನ್ನು ಮುರಿದವರು ಈ ರೂಢಿಯನ್ನು ಮುರಿಯಲಿಲ್ಲ ಎಂಬುದನ್ನು ಆಕೆಯನ್ನು ಮೆಚ್ಚುವ ನಾವೂ ಹೇಳಬೇಕು.

ಆದರೆ ಅದೇ ಚಿತ್ರದಲ್ಲಿ ಇನ್ನೊಂದು ಸಂಗತಿಯೂ ಇದೆ. ತರಬೇತಿಯ ಉದ್ದಕ್ಕೂ ನಗಾಯೊ ಆ ಹುಡುಗಿಯಿಂದ ಬಯಸುವುದು ಪಟ್ಟುಗಳಿಗಿಂತ ಹೆಚ್ಚಾಗಿ ಮುಖದ ಮೇಲಿನ ಭಾವವನ್ನು, ಎದುರಿಸುವ ಛಲವನ್ನು. ಒಸಾಕಾದಲ್ಲಿ ತಾನು ಸಾಧಿಸಿದ್ದನ್ನೇ ಇನ್ನೊಬ್ಬರಲ್ಲಿ ಹುಟ್ಟಿಸಲು ಹೊರಟಿದ್ದಾರೆ, ಮತ್ತು ಅದನ್ನು ಹುಟ್ಟಿಸುವ ಬೇರೆ ದಾರಿ ಆಕೆಗೆ ಆಗ ತಿಳಿದಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಗರಡಿಮನೆ:

ಎರಡನೆಯ ಅಧ್ಯಾಯದ ತೂಕವನ್ನು ಕೇಳಿದ್ದಿರಿ. ಒಂದೇ ಹೆಸರು ಸಾಕು: ಮೇಯ್ಕೊ ಸಾತೊಮುರಾ. ಗಾಯಾ ಸಂಸ್ಥೆಯ ಮೊಟ್ಟಮೊದಲ ಪ್ರದರ್ಶನದಲ್ಲಿ ಹದಿನೈದು ವರ್ಷದ ಸಾತೊಮುರಾ ಮತ್ತು ಸೊನೊಕೊ ಕಾತೊ ಪರಸ್ಪರ ಎದುರಾಗಿ ವೃತ್ತಿಗೆ ಕಾಲಿಟ್ಟರು. ಆ ಮೊದಲ ತಂಡದ ಹುಡುಗಿಯರನ್ನು ನಗಾಯೊ ಎಷ್ಟು ಚೆನ್ನಾಗಿ ಸಿದ್ಧಗೊಳಿಸಿದ್ದರೆಂದರೆ, ಮೊದಲ ದಿನವೇ ಅವರನ್ನು ನೋಡಿದವರಿಗೆ ಹೊಸಬರು ಎನ್ನಿಸಲಿಲ್ಲ. ಸಾತೊಮುರಾ 2001ರಲ್ಲಿ ಅಜಾ ಕಾಂಗ್ ಅವರನ್ನು ಸೋಲಿಸಿ ಆ ಸಂಸ್ಥೆಯ ಮುಖ್ಯ ಪಟ್ಟವನ್ನು ಗೆದ್ದರು. 2005ರ ಏಪ್ರಿಲ್ 10ರಂದು ಗಾಯಾ ಮುಚ್ಚಿದಾಗ ಕೊನೆಯ ಪಂದ್ಯವನ್ನು ಗುರು ಶಿಷ್ಯೆಯರೇ ಆಡಿದರು, ಗೆದ್ದದ್ದು ಶಿಷ್ಯೆ. ನಗಾಯೊ ಬೆಳೆದುಬಂದ ಹಳೆಯ ಸಂಸ್ಥೆಯೂ ಅದೇ ತಿಂಗಳು ಮುಚ್ಚಿಹೋಯಿತು.

ಸಾತೊಮುರಾ ಆಮೇಲೆ ಜಿನ್ಸೇಯ್ ಶಿನ್ಜಾಕಿ ಅವರೊಂದಿಗೆ ಉತ್ತರದ ಸೆಂಡಾಯ್ ನಗರದಲ್ಲಿ ಸೆಂಡಾಯ್ ಗರ್ಲ್ಸ್ ಸಂಸ್ಥೆಯನ್ನು ಕಟ್ಟಿದರು, 2011ರ ಭೂಕಂಪ ಮತ್ತು ಸುನಾಮಿಯ ನಂತರ ಅದರ ಹೊಣೆಯನ್ನು ಪೂರ್ತಿಯಾಗಿ ತಾವೇ ಹೊತ್ತು ಉಳಿಸಿದರು. 2021ರ ಜೂನಿನಲ್ಲಿ, ನಲವತ್ತು ದಾಟಿದ ಮೇಲೆ, ಕೇ ಲೀ ರೇ ಅವರನ್ನು ಸೋಲಿಸಿ ಡಬ್ಲ್ಯುಡಬ್ಲ್ಯುಇಯ ಬ್ರಿಟನ್ ವಿಭಾಗವಾಗಿದ್ದ ಎನ್‌ಎಕ್ಸ್‌ಟಿ ಯುಕೆ ಮಹಿಳಾ ಪಟ್ಟ ಗೆದ್ದರು. 2025ರ ಏಪ್ರಿಲ್ 29ರಂದು ಕೊರಾಕುಯೆನ್ ಹಾಲ್‌ನಲ್ಲಿ ನಿವೃತ್ತರಾದಾಗ ಅವರದು ಮೂವತ್ತು ವರ್ಷಗಳ ವೃತ್ತಿಜೀವನ. ಗುರುವನ್ನು ಇಪ್ಪತ್ತನಾಲ್ಕಕ್ಕೆ ಮನೆಗೆ ಕಳಿಸಿದ ವೃತ್ತಿಯಲ್ಲಿ ಶಿಷ್ಯೆ ನಲವತ್ತೈದರವರೆಗೆ ನಿಂತರು. ನಗಾಯೊ ಗೆದ್ದ ಯಾವ ಪಟ್ಟಕ್ಕಿಂತಲೂ ನಾನು ಇದನ್ನು ಮೇಲೆ ಇಡುತ್ತೇನೆ.

ಒಸಾಕಾ_ಕನ್ನಡಿಗ:

ಆ ವರ್ಷಗಳಲ್ಲಿ ಲಯನೆಸ್ ಆಸುಕಾ ಕೂಡ ಮರಳಿ ಬಂದು, ಗಾಯಾದಲ್ಲಿ ಹಳೆಯ ಗೆಳತಿಯ ಎದುರಾಳಿಯಾಗಿ ನಿಂತು, 2000ರಲ್ಲಿ ಮತ್ತೆ ಜೊತೆಗೂಡಿದರು. ಆಗ ಆಕೆ ರೂಢಿಸಿಕೊಂಡ ಒರಟು ಖಳನಾಯಕಿಯ ಶೈಲಿ ಕ್ರಶ್ ಗ್ಯಾಲ್ಸ್ ಕಾಲಕ್ಕಿಂತ ನನಗೆ ಹೆಚ್ಚು ಇಷ್ಟ. ಜೋಡಿಯ ಕೀರ್ತಿಯನ್ನೆಲ್ಲ ನಗಾಯೊ ಅವರ ಖಾತೆಗೆ ಬರೆಯುವ ಅಭ್ಯಾಸವನ್ನು ನಾವು ಬಿಡಬೇಕು.

ಇನ್ನೊಂದು ಘಟನೆ ಕುಸ್ತಿಗೆ ನೇರವಾಗಿ ಸೇರಿದ್ದಲ್ಲವಾದರೂ ಇಲ್ಲಿ ಹೇಳಬೇಕು. 2018ರ ನವೆಂಬರಿನಲ್ಲಿ ಸಪ್ಪೊರೊ ನಗರದಲ್ಲಿ ವಾಹನ ನಿಲ್ಲಿಸುವ ಜಾಗವೊಂದರಲ್ಲಿ ಗಂಡಸೊಬ್ಬ ಹೆಂಗಸಿನ ಮೇಲೆ ಕೈ ಮಾಡುತ್ತಿದ್ದುದನ್ನು ಕಂಡು ನಗಾಯೊ ನಡುವೆ ಹೋಗಿ ತಡೆದರು. ಆತ ಆಕೆಯ ಕೂದಲು ಹಿಡಿದು ಎಳೆದ, ಕೈಗೆ ಗಾಯವಾಯಿತು. ವೃತ್ತಿಪರ ಕುಸ್ತಿಪಟುವಾದ ತಾನು ಹೊರಗಿನವರ ಮೇಲೆ ಕೈ ಎತ್ತಬಾರದೆಂದು ಆಕೆ ತಿರುಗಿ ಹೊಡೆಯಲಿಲ್ಲ. ಜಪಾನಿನ ಪತ್ರಿಕೆಗಳೆಲ್ಲ ಅದನ್ನು ಬರೆದವು. ಆಗ ಆಕೆಗೆ 54 ವರ್ಷ.

ತುಂಗಾತೀರ:

ಬಹಳ ಉಪಕಾರವಾಯಿತು. ಕೊನೆಯದಾಗಿ, ಪಂದ್ಯಗಳನ್ನು ಯಾವ ಕ್ರಮದಲ್ಲಿ ನೋಡಿದರೆ ಒಳ್ಳೆಯದು? ಆಕೆಯ ಈಗಿನ ಶಿಷ್ಯೆಯರಲ್ಲಿ ಯಾರನ್ನು ಗಮನಿಸಬೇಕು?

ಗರಡಿಮನೆ:

ಒಸಾಕಾ ಪಂದ್ಯವನ್ನು ಮೊದಲು ನೋಡಬೇಡಿ ಎನ್ನುತ್ತಿದ್ದೆ, ನೀವು ಆಗಲೇ ನೋಡಿದ್ದೀರಿ. ಹಾಗಾದರೆ ಈಗ ಹಿಂದಕ್ಕೆ ಹೋಗಿ 1984ರ ಆಗಸ್ಟಿನ ಜೋಡಿ ಪಟ್ಟದ ಪಂದ್ಯವನ್ನು ನೋಡಿ. ಆಸುಕಾ ಅವರ ಶಕ್ತಿಗೂ ನಗಾಯೊ ಅವರ ಭಾವಕ್ಕೂ ಇರುವ ಹೊಂದಾಣಿಕೆ ಅಲ್ಲಿ ತಿಳಿಯಾಗಿ ಕಾಣುತ್ತದೆ. ಅನಂತರ ಡಂಪ್ ಅವರೊಂದಿಗಿನ ಎರಡೂ ಒಸಾಕಾ ಪಂದ್ಯಗಳು, 1988ರ ವಿದಾಯ, 1993ರ ಮರಳುವಿಕೆ, ಆಮೇಲೆ 2005ರ ಸಾತೊಮುರಾ ಪಂದ್ಯ. ನಡುವಿನ ಗಾಯಾ ವರ್ಷಗಳಲ್ಲಿ ನಗಾಯೊ ಅವರಿಗಿಂತ ಹೆಚ್ಚಾಗಿ ಕಿರಿಯರನ್ನು, ಅಂದರೆ ಕಾತೊ, ತೊಶಿಎ ಉಎಮಾತ್ಸು, ಚಿಕಾಯೊ ನಾಗಾಶಿಮಾ, ಶುಗರ್ ಸಾತೊ ಅವರನ್ನು ನೋಡುವುದು ಲಾಭದಾಯಕ.

ಈಗಿನವರಲ್ಲಿ ತಾಕುಮಿ ಇರೋಹಾ ಅವರನ್ನು ತಪ್ಪಿಸಿಕೊಳ್ಳಬೇಡಿ. ನಗಾಯೊ ಗಾಯಾ ನಂತರ ಕಟ್ಟಿದ ಮಾರ್ವಲಸ್ ಸಂಸ್ಥೆಯ ಮುಂಚೂಣಿಯ ಹೆಸರು ಆಕೆಯದು. ಎದುರಾಳಿಯನ್ನು ಹೆಗಲಿಗೆತ್ತಿಕೊಂಡು ಓಡಿ ಬಂದು ನೆಲಕ್ಕಪ್ಪಳಿಸುವ, ಗುರು ಬಳಸುತ್ತಿದ್ದ ರನ್ನಿಂಗ್ ತ್ರೀ ಎಂಬ ಪಟ್ಟಿನಿಂದಲೇ ಇರೋಹಾ ಕೂಡ ಪಂದ್ಯ ಮುಗಿಸುತ್ತಾರೆ. ಒದೆತಗಳಲ್ಲೂ ಗುರುವಿನ ಛಾಯೆ ಇದೆ, ಆದರೆ ದೇಹದ ಬಲದಲ್ಲಿ ನನಗೆ ಆಕೆ ಲಯನೆಸ್ ಆಸುಕಾ ಅವರಿಗೇ ಹೆಚ್ಚು ಹತ್ತಿರ ಎನ್ನಿಸುತ್ತದೆ. ಅದೇ ಸಂಸ್ಥೆಯ ಮಿಯೊ ಮೊಮೊನೊ ಗಾತ್ರದಲ್ಲಿ ಚಿಕ್ಕವರು, ಪೆಟ್ಟು ತಿಂದು ಮತ್ತೆ ಏಳುವ ಕಲೆಯಲ್ಲಿ ನಿಪುಣರು. ಇವರಿಬ್ಬರೂ ಎದುರಾದ ಪಂದ್ಯ ಸಿಕ್ಕರೆ ಅದರಿಂದಲೇ ಆರಂಭಿಸಿ.